ರಕ್ತದ ಹೆಪ್ಪು: ಗಾಯದಲ್ಲಿ ರಕ್ಷಣೆ, ಅಪಧಮನಿಯಲ್ಲಿ ಅಪಾಯ

ಕಾಲಿಗೆ ಮುಳ್ಳು ಚುಚ್ಚಿದಾಗ ಒಸರಿದ ರಕ್ತವು ಕೆಲವು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುವುದನ್ನು ವಿದ್ಯಾರ್ಥಿಗಳೆಲ್ಲರೂ ಕಂಡಿರುತ್ತಾರೆ. ಊರಿನ ಹಿರಿಯರೊಬ್ಬರಿಗೆ ಹೃದಯಾಘಾತವಾಯಿತೆಂಬ ಸುದ್ದಿಯನ್ನೂ ಕೇಳಿರುತ್ತಾರೆ. ಈ ಎರಡರ ಹಿಂದೆಯೂ ಇರುವುದು ಒಂದೇ ಕ್ರಿಯೆ ಎಂಬುದನ್ನು ಮನಗಾಣಿಸುವುದೇ ಈ ಪಾಠದ ಮುಖ್ಯ ಗುರಿ.

‘ಹೆಪ್ಪು’ ಎಂಬ ಪದ

ಹಾಲಿಗೆ ಹೆಪ್ಪು ಹಾಕುವುದಕ್ಕೂ ರಕ್ತ ಹೆಪ್ಪುಗಟ್ಟುವುದಕ್ಕೂ ಕನ್ನಡದಲ್ಲಿ ಒಂದೇ ಪದವಿದೆ. ದ್ರವವು ಗಟ್ಟಿಯಾಗುತ್ತದೆ ಎಂಬುದನ್ನು ಈ ಹೋಲಿಕೆ ಚೆನ್ನಾಗಿ ತಿಳಿಸುತ್ತದೆ, ಕಾರಣವನ್ನು ತಿಳಿಸುವುದಿಲ್ಲ. ಹಾಲು ಮೊಸರಾಗುವುದು ಹೊರಗಿನಿಂದ ಬೆರೆಸಿದ ಬ್ಯಾಕ್ಟೀರಿಯಾಗಳು ಉಂಟುಮಾಡುವ ಆಮ್ಲದಿಂದ. ರಕ್ತಕ್ಕೆ ಹೊರಗಿನ ಹೆಪ್ಪು ಬೇಕಿಲ್ಲ. ಗಟ್ಟಿಯಾಗಲು ಅಗತ್ಯವಾದ ವಸ್ತುಗಳು ಅದರಲ್ಲಿಯೇ ನಿಷ್ಕ್ರಿಯ ರೂಪದಲ್ಲಿರುತ್ತವೆ.

ಗಡಿಯಾಚೆಯ ಕನ್ನಡ ವಿದ್ಯಾರ್ಥಿಯು ಆಸ್ಪತ್ರೆಯಲ್ಲಿ ಇದೇ ಸಂಗತಿಯನ್ನು ಬೇರೆ ಮಾತಿನಲ್ಲಿ ಕೇಳುತ್ತಾನೆ. ಮರಾಠಿಯಲ್ಲಿ ‘ರಕ್ತಾಚೀ ಗುಠಳೀ’, ತೆಲುಗಿನಲ್ಲಿ ‘ರಕ್ತಂ ಗಡ್ಡಕಟ್ಟಡಂ’, ತಮಿಳಿನಲ್ಲಿ ‘ಇರತ್ತಂ ಉರೈದಲ್’, ಮಲಯಾಳದಲ್ಲಿ ‘ರಕ್ತಂ ಕಟ್ಟಪಿಡಿಕ್ಕಲ್’. ಆಯಾ ಪ್ರದೇಶದ ಪದವನ್ನು ಪಾಠದ ಪದದ ಪಕ್ಕದಲ್ಲಿ ಕಪ್ಪುಹಲಗೆಯ ಮೇಲೆ ಬರೆದರೆ, ವೈದ್ಯರ ಮಾತನ್ನು ಮನೆಯವರಿಗೆ ತಿಳಿಸುವ ಹೊಣೆ ಬಂದಾಗ ವಿದ್ಯಾರ್ಥಿಯು ತಡವರಿಸುವುದಿಲ್ಲ.

ಗಾಯದಲ್ಲಿ ನಡೆಯುವ ಕ್ರಿಯೆ

ರಕ್ತನಾಳದ ಒಳಮೈಯನ್ನು ಜೀವಕೋಶಗಳ ಒಂದು ತೆಳುವಾದ ಪದರ ಆವರಿಸಿದೆ. ಈ ಪದರ ಅಖಂಡವಾಗಿದ್ದಾಗ ರಕ್ತವು ಸರಾಗವಾಗಿ ಹರಿಯುತ್ತದೆ. ನಾಳವು ಸೀಳಿದೊಡನೆ ಪದರದ ಕೆಳಗಿನ ಕೊಲ್ಲಾಜೆನ್ ಎಂಬ ನಾರು ರಕ್ತಕ್ಕೆ ತಾಗುತ್ತದೆ. ಆಗ ಮೂರು ಕ್ರಿಯೆಗಳು ನಡೆಯುತ್ತವೆ.

ಮೊದಲನೆಯದಾಗಿ, ನಾಳವು ಸಂಕುಚಿಸಿ ರಕ್ತದ ಹರಿವನ್ನು ತಗ್ಗಿಸುತ್ತದೆ. ಎರಡನೆಯದಾಗಿ, ಕಿರುತಟ್ಟೆಗಳು ಸೀಳಿದ ಭಾಗಕ್ಕೆ ಅಂಟಿಕೊಂಡು, ರಾಸಾಯನಿಕಗಳನ್ನು ಸ್ರವಿಸಿ ಇತರ ಕಿರುತಟ್ಟೆಗಳನ್ನು ಸೆಳೆದುಕೊಳ್ಳುತ್ತವೆ. ಆರೋಗ್ಯವಂತರ 1 ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು 1.5ರಿಂದ 4.5 ಲಕ್ಷ ಕಿರುತಟ್ಟೆಗಳಿರುತ್ತವೆ. ಮೂರನೆಯದಾಗಿ, ಪ್ಲಾಸ್ಮಾದಲ್ಲಿರುವ ಪ್ರೋಥ್ರಾಂಬಿನ್ ಕ್ಯಾಲ್ಸಿಯಂ ಅಯಾನುಗಳ ನೆರವಿನಿಂದ ಥ್ರಾಂಬಿನ್ ಆಗುತ್ತದೆ. ಥ್ರಾಂಬಿನ್, ಕರಗಿದ ಸ್ಥಿತಿಯಲ್ಲಿರುವ ಫೈಬ್ರಿನೋಜೆನ್ನನ್ನು ಕರಗದ ಫೈಬ್ರಿನ್ ಎಳೆಗಳಾಗಿ ಮಾರ್ಪಡಿಸುತ್ತದೆ. ಎಳೆಗಳ ಬಲೆಯಲ್ಲಿ ಕೆಂಪು ರಕ್ತಕಣಗಳು ಸಿಕ್ಕಿಕೊಂಡು ಹೆಪ್ಪು ಗಟ್ಟಿಯಾಗುತ್ತದೆ. ಗಾಯ ಮಾಯುತ್ತಿದ್ದಂತೆ ಪ್ಲಾಸ್ಮಿನ್ ಎಂಬ ಕಿಣ್ವವು ಈ ಬಲೆಯನ್ನು ಕರಗಿಸುತ್ತದೆ.

ಅಪಧಮನಿಯೊಳಗೆ ಅದೇ ಕ್ರಿಯೆ

ಹೃದಯದ ಸ್ನಾಯುವಿಗೆ ರಕ್ತ ಒದಗಿಸುವ ಕರೋನರಿ ಅಪಧಮನಿಗಳ ಗೋಡೆಯಲ್ಲಿ ವರ್ಷಾನುಗಟ್ಟಲೆ ಕೊಲೆಸ್ಟರಾಲ್ ಸೇರಿಕೊಳ್ಳಬಹುದು. ತಂಬಾಕು, ಅಧಿಕ ರಕ್ತದೊತ್ತಡ ಮತ್ತು ಮಧುಮೇಹ ಇದನ್ನು ತ್ವರಿತಗೊಳಿಸುತ್ತವೆ. ಇದನ್ನು ಕಾಲುವೆಯಲ್ಲಿ ಹೂಳು ತುಂಬುವುದಕ್ಕೆ ಹೋಲಿಸುವುದುಂಟು. ಈ ಹೋಲಿಕೆಯನ್ನು ಎಚ್ಚರಿಕೆಯಿಂದ ಬಳಸಬೇಕು. ಹೂಳು ಕಾಲುವೆಯ ತಳದಲ್ಲಿ ಕೂರುತ್ತದೆ. ಕೊಬ್ಬು ಸೇರುವುದು ಗೋಡೆಯ ಒಳಗೆ, ಒಂದು ತೆಳುವಾದ ಹೊದಿಕೆಯಡಿಯಲ್ಲಿ. ಹೂಳು ತುಂಬಲು ವರ್ಷಗಳು ಬೇಕು. ಅಪಧಮನಿ ಮುಚ್ಚಿಹೋಗಲು ಕೆಲವು ನಿಮಿಷಗಳೇ ಸಾಕಾಗಬಹುದು.

ಆ ಹೊದಿಕೆ ಬಿರಿದಾಗ ಒಳಗಿನ ಪದಾರ್ಥ ರಕ್ತಕ್ಕೆ ತಾಗುತ್ತದೆ. ರಕ್ತದ ಪಾಲಿಗೆ ಇದೂ ಒಂದು ಗಾಯವೇ. ಕಿರುತಟ್ಟೆಗಳು ಮುತ್ತುತ್ತವೆ, ಫೈಬ್ರಿನ್ ಬಲೆ ಹೆಣೆಯಲ್ಪಡುತ್ತದೆ. ಹೊರಗಿನ ಗಾಯದಲ್ಲಿ ಹೆಪ್ಪು ರಕ್ತ ಸೋರಿಹೋಗುವ ದಾರಿಯನ್ನು ಮುಚ್ಚಿತ್ತು. ಇಲ್ಲಿ ರಕ್ತ ಮುಂದೆ ಸಾಗುವ ದಾರಿಯನ್ನೇ ಮುಚ್ಚುತ್ತದೆ. ನಿನ್ನೆಯವರೆಗೆ ಹೊಲದಲ್ಲಿ ದುಡಿಯುತ್ತಿದ್ದವರು ಇಂದು ಹಠಾತ್ತನೆ ಕುಸಿಯುವುದಕ್ಕೆ ಇದು ಮುಖ್ಯ ಕಾರಣ.

ಇಂತಹ ಹೆಪ್ಪು ಹೃದಯಾಘಾತದ ಕಾರಣವೋ ಪರಿಣಾಮವೋ ಎಂಬ ಚರ್ಚೆ ಬಹುಕಾಲ ನಡೆದಿತ್ತು. 1980ರಲ್ಲಿ ಅಮೆರಿಕದ ವೈದ್ಯ ಮಾರ್ಕಸ್ ಡಿವುಡ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ನೀಡಿತು. ಲಕ್ಷಣ ಕಾಣಿಸಿದ 4 ಗಂಟೆಗಳೊಳಗೆ ಪರೀಕ್ಷಿಸಲಾದ 126 ರೋಗಿಗಳಲ್ಲಿ 110 ಮಂದಿಯ ಅಪಧಮನಿ ಸಂಪೂರ್ಣ ಮುಚ್ಚಿತ್ತು. ತಡವಾಗಿ ಪರೀಕ್ಷಿಸಿದವರಲ್ಲಿ ಈ ಪ್ರಮಾಣ ಕಡಿಮೆಯಿತ್ತು. ಹೆಪ್ಪನ್ನು ಬೇಗನೆ ಕರಗಿಸುವ ಚಿಕಿತ್ಸೆಗೆ ಇದರಿಂದ ಬಲ ದೊರೆಯಿತು. ಮಿದುಳಿನ ಅಪಧಮನಿಯನ್ನು ಹೆಪ್ಪು ಮುಚ್ಚಿದರೆ ಪಾರ್ಶ್ವವಾಯು ಉಂಟಾಗುತ್ತದೆ.

ಸಮಯದ ಬೆಲೆ

ರಕ್ತ ತಲುಪದ ಸ್ನಾಯು ಕ್ರಮೇಣ ಸಾಯುತ್ತದೆ. ಸತ್ತ ಹೃದಯಸ್ನಾಯು ಮತ್ತೆ ಬೆಳೆಯುವುದಿಲ್ಲವೆಂದೇ ಹೇಳಬಹುದು. ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ಲಕ್ಷಣ ಕಾಣಿಸಿದ 4.5 ಗಂಟೆಗಳೊಳಗೆ ನೀಡಬೇಕಾಗುತ್ತದೆ. ಎದೆ ಹಿಂಡಿದಂತಾಗಿ ನೋವು ತೋಳಿಗೋ ದವಡೆಗೋ ಹರಡುವುದು, ತಣ್ಣನೆಯ ಬೆವರು, ಉಸಿರಾಟದ ತೊಂದರೆ ಹೃದಯಾಘಾತದ ಲಕ್ಷಣಗಳು. ಬಾಯಿ ಓರೆಯಾಗುವುದು, ಒಂದು ಕೈ ಬಲಗುಂದುವುದು, ಮಾತು ತೊದಲುವುದು ಪಾರ್ಶ್ವವಾಯುವಿನವು. ‘ಗ್ಯಾಸ್’ ಎಂದು ಸೋಡಾ ಕುಡಿಸುತ್ತ, ಸೋತ ಕೈಗೆ ಎಣ್ಣೆ ತಿಕ್ಕುತ್ತ ಕಳೆಯುವ ಹೊತ್ತು ಮರಳಿ ಬಾರದು. ಕರ್ನಾಟಕದಲ್ಲಿಯೂ ಸುತ್ತಲಿನ ಆರು ರಾಜ್ಯಗಳಲ್ಲಿಯೂ ಆಂಬುಲೆನ್ಸಿನ ಸಂಖ್ಯೆ 108. ಇದು ಪ್ರತಿಯೊಬ್ಬ ವಿದ್ಯಾರ್ಥಿಗೂ ಬಾಯಿಪಾಠವಾಗಿರಬೇಕು.

ತರಗತಿಯ ಚಟುವಟಿಕೆ

ಅಗಲವಾದ ಕೊಳವೆಯೊಂದರಲ್ಲಿ ಹೆಸರುಕಾಳು ಬೆರೆಸಿದ ನೀರನ್ನು ಸುರಿಯಿರಿ, ಎರಡೂ ಕೆಳಗಿಳಿಯುತ್ತವೆ. ಬಳಿಕ ಒಣಗಿದ ಹೀರೆಕಾಯಿಯ ನಾರಿನ ತುಂಡನ್ನು ಕೊಳವೆಯಲ್ಲಿರಿಸಿ ಮತ್ತೆ ಸುರಿಯಿರಿ. ಕಾಳು ನಾರಿನಲ್ಲಿ ಸಿಕ್ಕಿಕೊಳ್ಳುತ್ತದೆ. ನಾರು ಫೈಬ್ರಿನ್, ಕಾಳು ಕೆಂಪು ರಕ್ತಕಣ ಎಂದು ಗುರುತಿಸುವಂತೆ ಹೇಳಿರಿ. ಬೆರಳು ಚುಚ್ಚಿ ರಕ್ತ ತೋರಿಸುವ ಪ್ರಯೋಗ ಸರ್ವಥಾ ಬೇಡ.

ಮೌಲ್ಯಮಾಪನಕ್ಕೆ ಪ್ರಶ್ನೆಗಳು

1. ಮೊಸರಿನ ಹೆಪ್ಪಿಗೂ ರಕ್ತದ ಹೆಪ್ಪಿಗೂ ಇರುವ ಒಂದು ಸಾಮ್ಯ, ಒಂದು ವ್ಯತ್ಯಾಸ ತಿಳಿಸಿರಿ.
2. ಅಪಧಮನಿ ಮುಚ್ಚುವುದನ್ನು ಹೂಳಿಗೆ ಹೋಲಿಸುವುದು ಎಲ್ಲಿ ಸರಿಹೊಂದುವುದಿಲ್ಲ?
3. ನೆರೆಮನೆಯವರ ಬಾಯಿ ಓರೆಯಾಗಿ ಮಾತು ತೊದಲುತ್ತಿದೆ. ನೀವು ಮೊದಲು ಏನು ಮಾಡುವಿರಿ? ಏಕೆ?