ವೈನ್ ಬಟ್ಟಲಿನಲ್ಲಿ ಯಾರ ನೆನಪು?

ಫ್ರಾನ್ಸಿನ ಬೋರ್ಡೋ ನಗರದಲ್ಲಿ ವೈನ್ ತಯಾರಿಕೆಯ ಶಾಸ್ತ್ರವನ್ನು ಅಭ್ಯಸಿಸುತ್ತಿದ್ದ 54 ವಿದ್ಯಾರ್ಥಿಗಳ ಮುಂದೆ ಎರಡು ಬಟ್ಟಲುಗಳನ್ನು ಇರಿಸಲಾಯಿತು. ಒಂದರಲ್ಲಿ ಬಿಳಿ ವೈನ್, ಇನ್ನೊಂದರಲ್ಲಿ ಕೆಂಪು. ಪರಿಮಳವನ್ನು ಆಘ್ರಾಣಿಸಿ ವರ್ಣಿಸಬೇಕೆಂದಾಗ, ಬಿಳಿಯದಕ್ಕೆ ಬಿಳಿ ವೈನಿಗೆ ರೂಢಿಯಲ್ಲಿರುವ ಪದಗಳನ್ನೂ ಕೆಂಪಿಗೆ ಕೆಂಪು ವೈನಿನ ಪದಗಳನ್ನೂ ಅವರು ಬಳಸಿದರು. ವಾಸ್ತವವಾಗಿ ಎರಡೂ ಒಂದೇ ಬಿಳಿ ವೈನ್. ಎರಡನೆಯದಕ್ಕೆ ವಾಸನೆಯಿಲ್ಲದ ಕೆಂಪು ಬಣ್ಣವನ್ನು ಬೆರೆಸಲಾಗಿತ್ತು. 2001ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ತಜ್ಞರ ಟೊಳ್ಳುತನಕ್ಕೆ ನಿದರ್ಶನವಾಗಿ ಎತ್ತಿ ಆಡುವುದು ವಾಡಿಕೆ. ನನಗೆ ಹಾಗನ್ನಿಸುವುದಿಲ್ಲ. ಆ ವಿದ್ಯಾರ್ಥಿಗಳು ಸುಳ್ಳು ಹೇಳಲಿಲ್ಲ. ಕಣ್ಣು ಕಂಡ ಬಣ್ಣ ನೆನಪಿನ ಉಗ್ರಾಣದ ಒಂದು ಬಾಗಿಲನ್ನು ತೆರೆಯಿತು. ಮೂಗು ಅಲ್ಲಿ ದೊರೆತದ್ದನ್ನು ಹೆಕ್ಕಿಕೊಂಡಿತು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನ್ನನ್ನು ಹೆಚ್ಚು ಕಾಡಿದ್ದು 2008ರ ಇನ್ನೊಂದು ಅಧ್ಯಯನ. ಕ್ಯಾಲಿಫೋರ್ನಿಯಾದ ಸಂಶೋಧಕರು 20 ಮಂದಿಯನ್ನು ಮಿದುಳಿನ ಚಿತ್ರ ತೆಗೆಯುವ ಯಂತ್ರದೊಳಗೆ ಮಲಗಿಸಿ, ಒಂದೇ ವೈನನ್ನು ಒಮ್ಮೆ 10 ಡಾಲರಿನದೆಂದೂ ಮತ್ತೊಮ್ಮೆ 90 ಡಾಲರಿನದೆಂದೂ ಹೇಳಿ ಕುಡಿಸಿದರು. ದುಬಾರಿ ಎಂದು ತಿಳಿದಾಗ ಅದು ಹೆಚ್ಚು ಹಿತವೆನಿಸಿತಂತೆ. ಬಾಯಿಮಾತಿಗಷ್ಟೇ ಹಾಗೆಂದದ್ದಲ್ಲ, ಹಿತಾನುಭವಕ್ಕೆ ಸಂಬಂಧಿಸಿದ ಮಿದುಳಿನ ಭಾಗವೂ ಹೆಚ್ಚು ಚುರುಕಾಯಿತು. ನಾವು ಎಂ.ಎ. ತರಗತಿಯಲ್ಲಿ ಕಲಿತ ಪಾಠದ ಪ್ರಕಾರ ಗ್ರಾಹಕ ಮೊದಲು ವಸ್ತುವಿನಿಂದ ತನಗೆ ದೊರೆಯುವ ತೃಪ್ತಿಯನ್ನು ಅಳೆದುಕೊಳ್ಳುತ್ತಾನೆ, ಆಮೇಲೆ ಬೆಲೆ ಕೊಡುತ್ತಾನೆ. ಇಲ್ಲಿ ಬೆಲೆಯೇ ತೃಪ್ತಿಯನ್ನು ಉತ್ಪಾದಿಸುತ್ತಿದೆ! ಅದೇ ವರ್ಷ ಪ್ರಕಟವಾದ, ಬೆಲೆ ತಿಳಿಸದೆ ರುಚಿ ನೋಡಿಸಿದ ಆರು ಸಾವಿರಕ್ಕೂ ಹೆಚ್ಚು ಪರೀಕ್ಷೆಗಳ ವಿಶ್ಲೇಷಣೆಯಲ್ಲಿ ಸಾಮಾನ್ಯ ಜನ ಅಗ್ಗದ ವೈನನ್ನೇ ತುಸು ಹೆಚ್ಚು ಮೆಚ್ಚಿದ್ದರು.

ನಿವೃತ್ತ ಅಧಿಕಾರಿಗೆ ಈ ಮದ್ಯದ ಗೊಡವೆ ಏಕೆ ಎಂದು ಹುಬ್ಬೇರಿಸುವವರು ಇರಬಹುದು. ಕೌಟಿಲ್ಯನೇ ಸುರಾಧ್ಯಕ್ಷನ ಕರ್ತವ್ಯಗಳನ್ನು ವಿವರಿಸುತ್ತ, ದ್ರಾಕ್ಷಾರಸದಿಂದಾದ ‘ಮಧು’ವನ್ನು ಅದು ಬರುವ ನಾಡಿನ ಹೆಸರಿನಿಂದ ‘ಕಾಪಿಶಾಯನ’ವೆಂದು ಗುರುತಿಸಿದ್ದಾನೆ. ಅಬಕಾರಿ ಆದಾಯವನ್ನು ನೆಚ್ಚಿಕೊಂಡ ಸರ್ಕಾರದಲ್ಲಿ ದುಡಿದವನಿಗೆ ಇಷ್ಟು ಕುತೂಹಲ ಇದ್ದರೆ ತಪ್ಪೇನಿಲ್ಲ.

ವೈನಿನ ರುಚಿ ಎಂದು ನಾವು ಕರೆಯುವುದರ ಬಹುಪಾಲು ನಾಲಿಗೆಯದಲ್ಲ. ಸಿಹಿ, ಹುಳಿ, ಒಗರು ಇವಿಷ್ಟನ್ನು ಬಾಯಿ ಗ್ರಹಿಸುತ್ತದೆ. ಉಳಿದದ್ದು ಗಂಟಲ ಹಿಂಭಾಗದಿಂದ ಮೂಗಿಗೆ ಏರುವ ಪರಿಮಳ. 2020ರಲ್ಲಿ ಕೋವಿಡ್‌ನಿಂದ ಘ್ರಾಣಶಕ್ತಿ ಕಳೆದುಕೊಂಡ ಅನೇಕರಿಗೆ ಮನೆಯ ಸಾರು ಬರೀ ಉಪ್ಪುನೀರಾಗಿ ಕಂಡದ್ದು ಇದೇ ಕಾರಣಕ್ಕೆ. ಮೂಗಿನಲ್ಲಿ ಸುಮಾರು 400 ಬಗೆಯ ಗ್ರಾಹಕಗಳಿವೆ. ಅವುಗಳ ಹಿಂದಿರುವ ವಂಶವಾಹಿಗಳನ್ನು ಪತ್ತೆ ಮಾಡಿದ ಲಿಂಡಾ ಬಕ್ ಮತ್ತು ರಿಚರ್ಡ್ ಆ್ಯಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ನೋಟ, ಶಬ್ದ, ಸ್ಪರ್ಶಗಳು ಥಲಾಮಸ್ ಎಂಬ ಕೇಂದ್ರದ ಮೂಲಕ ಹಾದು ಮಿದುಳಿನ ಹೊರಪದರವನ್ನು ತಲುಪುತ್ತವೆ. ಪರಿಮಳ ಮಾತ್ರ ಈ ದಾರಿಗಾಗಿ ಕಾಯದೆ ಭಾವನೆ ಮತ್ತು ನೆನಪುಗಳನ್ನು ನೋಡಿಕೊಳ್ಳುವ ಭಾಗಗಳಿಗೆ ನೇರವಾಗಿ ನುಗ್ಗುತ್ತದೆ. ಕಚೇರಿ ಭಾಷೆಯಲ್ಲಿ ಹೇಳುವುದಾದರೆ, ಕಡತ ಗುಮಾಸ್ತರ ಮೇಜನ್ನು ಮುಟ್ಟದೆ ಸೀದಾ ಸಾಹೇಬರ ಕೊಠಡಿಗೆ ಹೋದಂತೆ.

ಫ್ರೆಂಚ್ ಕಾದಂಬರಿಕಾರ ಪ್ರೂಸ್ಟ್ ಚಹಾದಲ್ಲಿ ನೆನೆದ ಕೇಕಿನ ತುಣುಕಿನಿಂದ ಬಾಲ್ಯವನ್ನೇ ಮರಳಿ ಪಡೆದ ಪ್ರಸಂಗವನ್ನು ಈ ವಿಷಯ ಬಂದಾಗಲೆಲ್ಲ ಉಲ್ಲೇಖಿಸುತ್ತಾರೆ. ನಮಗೆ ಅಷ್ಟು ದೂರ ಹೋಗಬೇಕಾದ ಅಗತ್ಯವಿಲ್ಲ. ‘ವಾಸನೆ’ ಎಂಬ ನಮ್ಮ ಪದಕ್ಕೆ ಎರಡು ಅರ್ಥಗಳಿವೆ: ಒಂದು, ಮೂಗಿಗೆ ಬರುವುದು, ಇನ್ನೊಂದು, ಹಿಂದಿನ ಅನುಭವ ಮನಸ್ಸಿನಲ್ಲಿ ಉಳಿಸಿಹೋದ ಸಂಸ್ಕಾರ. ಪೂರ್ವಜನ್ಮದ ವಾಸನೆ ಎನ್ನುವಾಗ ನಾವು ಎರಡನೆಯದನ್ನು ಹೇಳುತ್ತಿರುತ್ತೇವೆ. ಪ್ರೇಕ್ಷಕನಲ್ಲಿ ಇಂತಹ ವಾಸನೆ ಇಲ್ಲದಿದ್ದರೆ ರಸಾನುಭವ ಸಾಧ್ಯವಿಲ್ಲ ಎಂಬುದು ಸಾವಿರ ವರ್ಷಗಳ ಹಿಂದೆ ಕಾಶ್ಮೀರದಲ್ಲಿದ್ದ ಅಭಿನವಗುಪ್ತನ ಮತ. ಆತ ನಾಟಕದ ಬಗ್ಗೆ ಹೇಳಿದ ಮಾತು ದ್ರಾಕ್ಷಾರಸಕ್ಕೂ ಸಲ್ಲುತ್ತದೆ ಎಂದರೆ ಅಲಂಕಾರಶಾಸ್ತ್ರದ ಪಂಡಿತರು ಮುನಿಯಬಾರದು.

ತೊಡಕು ಆರಂಭವಾಗುವುದು ಇಲ್ಲಿಂದ. ವೈನಿನ ಸುಖ ನೆನಪನ್ನು ಅವಲಂಬಿಸಿದ್ದರೆ, ಅದು ಯಾರ ನೆನಪು? 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿ ಆ್ಯನ್ ನೋಬಲ್ ವೈನಿನ ಪರಿಮಳಗಳನ್ನು ವರ್ಗೀಕರಿಸಿ ಒಂದು ಚಕ್ರವನ್ನು ರಚಿಸಿದರು. ಅಸ್ಪಷ್ಟ ಹೊಗಳಿಕೆಯ ಬದಲು ನಿಖರ ಪದಗಳು ಬರಲಿ ಎಂಬ ಸದುದ್ದೇಶ ಅವರದು. ಆದರೆ ಅದರಲ್ಲಿರುವ ಬ್ಲ್ಯಾಕ್‌ಕರಂಟನ್ನು ನಮ್ಮಲ್ಲಿ ಹೆಚ್ಚಿನವರು ಐಸ್‌ಕ್ರೀಂ ರೂಪದಲ್ಲಿ ಮಾತ್ರ ಬಲ್ಲರು. ವೈನ್ ವರ್ಣನೆಗಳಲ್ಲಿ ಬರುವ ಗೂಸ್‌ಬೆರಿಯನ್ನು ನೆಲ್ಲಿಕಾಯಿ ಎಂದು ಅನುವಾದಿಸಿಕೊಂಡು ಬಟ್ಟಲಲ್ಲಿ ನೆಲ್ಲಿಕಾಯಿಯನ್ನು ಹುಡುಕಿದರೆ ಸಿಗಲಾರದು. ಅದು ಬೇರೆಯೇ ಹಣ್ಣು. ಜರ್ಮನಿಯ ರೀಸ್ಲಿಂಗ್ ವೈನ್ ಹಳೆಯದಾದಂತೆ ಸೀಮೆಎಣ್ಣೆಯ ವಾಸನೆ ಬರುತ್ತದೆ, ರಸಿಕರು ಅದನ್ನು ಮೆಚ್ಚುತ್ತಾರೆ. ನ್ಯಾಯಬೆಲೆ ಅಂಗಡಿಯ ಮುಂದೆ ಡಬ್ಬ ಹಿಡಿದು ಸಾಲಿನಲ್ಲಿ ನಿಂತ, ಪಂಪ್ ಸ್ಟೌಗೆ ಪಿನ್ ಹಾಕಿ ಬೆರಳು ಕಪ್ಪಾಗಿಸಿಕೊಂಡ ನನ್ನ ತಲೆಮಾರಿನವರಿಗೆ ಆ ಮೆಚ್ಚುಗೆ ಸುಲಭವಾಗಿ ಬರುವುದೇ?

ಈ ಪ್ರಶ್ನೆಗೆ ನಮ್ಮ ಮನೆಯಂಗಳದಲ್ಲೇ ಒಂದು ಉದಾಹರಣೆಯಿದೆ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಸೀಮೆಯ ಬೆಂಗಳೂರು ನೀಲಿ ದ್ರಾಕ್ಷಿಯನ್ನು ತಿನ್ನದ ಹಳೆಯ ಬೆಂಗಳೂರಿಗ ಇರಲಾರ. ದಪ್ಪ ಸಿಪ್ಪೆ, ಜಾರುವ ತಿರುಳು, ಬೀಜ. ಎಲ್ಲಕ್ಕಿಂತ ಮಿಗಿಲಾಗಿ ಅದರ ಗಾಢ ಘಮ. ಇದು ಅಮೆರಿಕದ ಕಾಡುದ್ರಾಕ್ಷಿಯ ವಂಶಕ್ಕೆ ಸೇರಿದ ತಳಿ. ಈ ವಂಶದ ಘಮಕ್ಕೆ ಮೀಥೈಲ್ ಆಂಥ್ರನಿಲೇಟ್ ಮೊದಲಾದ ಸಂಯುಕ್ತಗಳು ಕಾರಣ. ಮಲ್ಲಿಗೆಯ ಪರಿಮಳದಲ್ಲೂ ಅದು ಅಲ್ಪ ಪ್ರಮಾಣದಲ್ಲಿದೆ. ಇಂಗ್ಲಿಷಿನ ವೈನ್ ಪರಿಭಾಷೆಯಲ್ಲಿ ಈ ಘಮಕ್ಕೆ ‘ನರಿ ವಾಸನೆ’ ಎಂಬ ಹೆಸರು. ಇದೇ ಬಳಗದ ಇಸಾಬೆಲ್ಲಾ ದ್ರಾಕ್ಷಿಯನ್ನು ಇಟಲಿಯವರು ಅದೇ ಘಮಕ್ಕಾಗಿ ಸ್ಟ್ರಾಬೆರಿ ದ್ರಾಕ್ಷಿ ಎಂದು ಕರೆಯುತ್ತಾರೆ. ಫ್ರಾನ್ಸ್ 1930ರ ದಶಕದಲ್ಲಿ ಇಸಾಬೆಲ್ಲಾ ಸೇರಿದಂತೆ ಆರು ಮಿಶ್ರತಳಿಗಳ ವೈನ್ ಮಾರಾಟವನ್ನು ನಿಷೇಧಿಸಿತು. ಆರೋಗ್ಯದ ಮಾತೂ ಕೇಳಿಬಂದಿತಾದರೂ ಮಾರುಕಟ್ಟೆಯಲ್ಲಿ ವೈನ್ ಅತಿಯಾಗಿ ತುಂಬಿದ್ದೇ ಮುಖ್ಯ ಕಾರಣ. ಆಸ್ಟ್ರಿಯದ ಒಂದು ಪ್ರಾಂತ್ಯದ ರೈತರು ಇಂತಹ ದ್ರಾಕ್ಷಿಗಳಿಂದ ತಯಾರಿಸುವ ಊಹುಡ್ಲರ್ ಎಂಬ ವೈನಿನ ಮಾರಾಟಕ್ಕೆ 1992ರಲ್ಲಿ ಅನುಮತಿ ದೊರಕಿಸಿಕೊಂಡರು. ಇಂದು ಅದು ಆ ಪ್ರಾಂತ್ಯದ ಹೆಮ್ಮೆ. ಅಣು ಒಂದೇ. ಒಬ್ಬರಿಗೆ ನರಿ, ಒಬ್ಬರಿಗೆ ಸ್ಟ್ರಾಬೆರಿ, ನಮಗೆ ‘ದ್ರಾಕ್ಷಿಯ ಘಮ’.

1980ರ ದಶಕದ ಕೊನೆಯಲ್ಲಿ, ಚಿಕ್ಕಬಳ್ಳಾಪುರ ಇನ್ನೂ ಕೋಲಾರ ಜಿಲ್ಲೆಯ ಭಾಗವಾಗಿದ್ದಾಗ, ನಾನು ಆ ಕಡೆ ಸೇವೆಯಲ್ಲಿದ್ದೆ. ಸುಗ್ಗಿಯಲ್ಲಿ ನಂದಿಬೆಟ್ಟದ ತಪ್ಪಲಿನ ರಸ್ತೆಯಲ್ಲಿ ದ್ರಾಕ್ಷಿಯ ಬುಟ್ಟಿಗಳನ್ನು ಹೊತ್ತ ಲಾರಿ ಮುಂದಿದ್ದರೆ ಜೀಪಿನೊಳಗೆ ಕುಳಿತವರಿಗೆ ಕಾಣುವ ಮೊದಲೇ ತಿಳಿಯುತ್ತಿತ್ತು. ಜೊತೆಗಿದ್ದ ಕಂದಾಯ ನಿರೀಕ್ಷಕರೊಬ್ಬರು ಅದನ್ನು ‘ಸೊಗಡು’ ಎನ್ನುತ್ತಿದ್ದರು. ಅವರೆಕಾಯಿಗೆ ನಾವು ಬಳಸುವ ಪದ. ಅವರೆಯ ಸೊಗಡು ಪರವೂರಿನವರಿಗೆ ಬರೀ ಹಸಿ ವಾಸನೆ. ಮಾಗಿಯ ಚಳಿಯಲ್ಲಿ ಅಜ್ಜಿಯ ಪಕ್ಕ ಕುಳಿತು ಕಾಯಿ ಸುಲಿದವರಿಗೆ ಅದೇ ಹಬ್ಬ. ಬೆಂಗಳೂರಿನ ಕ್ರೈಸ್ತ ಮನೆಗಳಲ್ಲಿ ಕ್ರಿಸ್‌ಮಸ್‌ಗೆಂದು ಲವಂಗ, ಚಕ್ಕೆ ಹಾಕಿ ಮಾಡುತ್ತಿದ್ದ ಮನೆವೈನಿನಲ್ಲಿ ಇದೇ ಸೊಗಡಿತ್ತು. ಒಂದು ಚಿಕ್ಕ ಗ್ಲಾಸಿನಷ್ಟು ಕುಡಿದ ಯಾರೂ ಅದರಲ್ಲಿ ನರಿಯನ್ನು ಕಂಡದ್ದನ್ನು ನಾನು ಕೇಳಿಲ್ಲ.

ಅಂದಮಾತ್ರಕ್ಕೆ ಬೆಂಗಳೂರು ನೀಲಿಯಿಂದ ಬೋರ್ಡೋಗೆ ಸಮನಾದ ವೈನ್ ಬರುತ್ತದೆ ಎಂದು ನಾನು ವಾದಿಸುತ್ತಿಲ್ಲ. ದೊಡ್ಡಬಳ್ಳಾಪುರದ ಸುತ್ತ ಫ್ರೆಂಚ್ ತಳಿಗಳನ್ನು ಬೆಳೆದು ತಯಾರಿಸುತ್ತಿರುವ ವೈನುಗಳು ಒಳ್ಳೆಯವೇ. ರಾಜ್ಯ 2007ರಲ್ಲಿ ದ್ರಾಕ್ಷಾರಸ ನೀತಿಯನ್ನು ತಂದು ಮಂಡಳಿಯೊಂದನ್ನು ಸ್ಥಾಪಿಸಿದ್ದೂ ಸರಿಯಾದ ಹೆಜ್ಜೆ. ಆದರೆ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ನಮ್ಮ ಹಣ್ಣು ಇಂದಿಗೂ ಜ್ಯೂಸ್, ಜಾಮ್ ಮತ್ತು ಅಗ್ಗದ ಸಿಹಿ ವೈನಿಗೆ ಮೀಸಲು. ವರ್ಷಕ್ಕೆರಡು ಬೆಳೆ ತೆಗೆಯುವ ರೈತನಿಗೆ ಸಿಗುವ ದರ ಈ ಅಂತಸ್ತಿಗೆ ಅಂಟಿಕೊಂಡಿದೆ. ಬೆಲೆಯೇ ರುಚಿಯನ್ನು ನಿರ್ಧರಿಸಬಲ್ಲದು ಎಂದು 2008ರ ಅಧ್ಯಯನ ತೋರಿಸಿದ ಮೇಲೆ, ಅಗ್ಗದ ಹಣೆಪಟ್ಟಿ ಹಚ್ಚಿದ ಹಣ್ಣು ಅಗ್ಗದ ರುಚಿಯದೆನಿಸುವುದರಲ್ಲಿ ಆಶ್ಚರ್ಯವೇನು? ನರಿ ಎಂಬ ಹೆಸರಿಟ್ಟವರ ನೆನಪಿನ ತೆರಿಗೆಯನ್ನು ದೇವನಹಳ್ಳಿಯ ರೈತ ಕಟ್ಟುತ್ತಿದ್ದಾನೆ.

ಫ್ರಾನ್ಸಿನ ಜ್ಯಾಂ ಲೆನ್ವಾರ್ ಎಂಬುವರು 1981ರಲ್ಲಿ ರೂಪಿಸಿದ, ವೈನಿನ 54 ಪರಿಮಳಗಳನ್ನು ಪುಟ್ಟ ಸೀಸೆಗಳಲ್ಲಿ ತುಂಬಿಟ್ಟ ಪೆಟ್ಟಿಗೆಯೊಂದು ಜಗತ್ತಿನಾದ್ಯಂತ ಮಾರಾಟವಾಗುತ್ತದೆ. ರುಚಿ ನೋಡುವುದನ್ನು ಕಲಿಯುವವರು ಅದನ್ನು ಮೂಸಿ ಅಭ್ಯಾಸ ಮಾಡುತ್ತಾರೆ. ನಮ್ಮ ವೈನ್ ಮಂಡಳಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯ ಸೇರಿ ಇಂತಹುದೇ ಒಂದು ಪೆಟ್ಟಿಗೆಯನ್ನು ಇಲ್ಲಿಯ ಮೂಗಿಗಾಗಿ ಏಕೆ ಸಿದ್ಧಪಡಿಸಬಾರದು? ಹಲಸಿನ ತೊಳೆ, ಹುರಿದ ಕೊತ್ತಂಬರಿ, ಹಳೆ ಹುಣಸೆ, ಮೊದಲ ಮಳೆಯ ಮಣ್ಣು, ಮಲೆನಾಡಿನ ಕರಿಮೆಣಸು, ಕಾಫಿಯ ಹೂ, ಅವರೆಯ ಸೊಗಡು. ಕರಿಮೆಣಸು ಬರೀ ಹೋಲಿಕೆಯೂ ಅಲ್ಲ. ಶಿರಾಜ್ ವೈನಿಗೆ ಮೆಣಸಿನ ಘಮ ಕೊಡುವ ರೊಟಂಡೋನ್ ಎಂಬ ಸಂಯುಕ್ತವನ್ನು ಆಸ್ಟ್ರೇಲಿಯದ ವಿಜ್ಞಾನಿಗಳು 2008ರಲ್ಲಿ ಗುರುತಿಸಿದಾಗ, ಅದು ನಿಜವಾದ ಮೆಣಸಿನಲ್ಲೂ ಇದೆ ಎಂಬುದು ಖಚಿತವಾಯಿತು. ಐವರಲ್ಲಿ ಒಬ್ಬರಿಗೆ ಅದರ ವಾಸನೆಯೇ ತಿಳಿಯುವುದಿಲ್ಲ ಎಂಬುದೂ ಆಗಲೇ ಗೊತ್ತಾಯಿತು. ಸೀಮೆಎಣ್ಣೆಯ ಸೀಸೆಯನ್ನೂ ಪೆಟ್ಟಿಗೆಯಲ್ಲಿ ಇಡಲಿ. ಅರವತ್ತು ದಾಟಿದವರು ಅದರ ಮುಚ್ಚಳ ತೆಗೆಯಬೇಕಾಗಿಲ್ಲ.