ದನಿ ಗುರುತಿಸಿದವಳ ಸಾಕ್ಷ್ಯ

2016ರ ಜೂನ್ 24ರ ಮುಂಜಾನೆ ಚೆನ್ನೈನ ನುಂಗಂಬಾಕ್ಕಂ ರೈಲು ನಿಲ್ದಾಣದಲ್ಲಿ ಲೋಕಲ್ ಟ್ರೈನಿಗೆ ಕಾಯುತ್ತಿದ್ದ 24 ವರ್ಷದ ಸಾಫ್ಟ್‌ವೇರ್ ಉದ್ಯೋಗಿಯೊಬ್ಬಳನ್ನು ಜನರ ಕಣ್ಣೆದುರೇ ಮಚ್ಚಿನಿಂದ ಕೊಚ್ಚಿ ಕೊಲ್ಲಲಾಯಿತು. ಶವ ಎಷ್ಟೋ ಹೊತ್ತು ಪ್ಲಾಟ್‌ಫಾರಂ ಮೇಲೆಯೇ ಬಿದ್ದಿತ್ತು. ನಿಲ್ದಾಣದಲ್ಲಿ ಸಿಸಿಟಿವಿ ಕ್ಯಾಮೆರಾ ಇರಲಿಲ್ಲ. ಮದ್ರಾಸ್ ಹೈಕೋರ್ಟ್ ಸ್ವಯಂಪ್ರೇರಿತವಾಗಿ ಮಧ್ಯೆ ಬಂದು ಪೊಲೀಸರನ್ನು ತರಾಟೆಗೆ ತೆಗೆದುಕೊಂಡಿತು. ಜುಲೈ 1ಕ್ಕೆ ಬಂಧನವೂ ಆಯಿತು. ಆದರೆ ಸೆಪ್ಟೆಂಬರಿನಲ್ಲಿ ಆರೋಪಿ ಪುಳಲ್ ಜೈಲಿನಲ್ಲಿ ಸತ್ತಿದ್ದರಿಂದ ವಿಚಾರಣೆ ನಡೆಯಲೇ ಇಲ್ಲ. ಅಂದಿನಿಂದ ಹೆಣ್ಣಿನ ಸುರಕ್ಷತೆಯ ಮಾತು ಬಂದಾಗಲೆಲ್ಲ ಕ್ಯಾಮೆರಾದ ಮಾತು ಬರುತ್ತದೆ.

ಕ್ಯಾಮೆರಾ ನೋಡದ ಜಾಗಗಳೂ ಇವೆ.

ಅದೇ ಚೆನ್ನೈನ ಅಯನಾವರಂನಲ್ಲಿ 2018ರ ಜುಲೈ ತಿಂಗಳಲ್ಲಿ ಹೊರಬಿದ್ದದ್ದು ಅಂಥದೊಂದು ಪ್ರಕರಣ. ಕಿವಿ ಸರಿಯಾಗಿ ಕೇಳದ 11 ವರ್ಷದ ಹುಡುಗಿಯ ಮೇಲೆ ಆಕೆ ವಾಸವಿದ್ದ ಅಪಾರ್ಟ್‌ಮೆಂಟಿನಲ್ಲೇ ತಿಂಗಳುಗಟ್ಟಲೆ ಅತ್ಯಾಚಾರ ನಡೆದಿತ್ತು. ಬಂಧಿತರಾದ 17 ಮಂದಿಯಲ್ಲಿ ಲಿಫ್ಟ್ ನಡೆಸುವವರು, ಕಾವಲುಗಾರರು, ಪ್ಲಂಬರ್‌ಗಳಿದ್ದರು. ದಿನಾ ಕಾಣುವ ಮುಖಗಳೇ. 2020ರ ಫೆಬ್ರುವರಿಯಲ್ಲಿ ನ್ಯಾಯಾಲಯ 15 ಮಂದಿಯನ್ನು ತಪ್ಪಿತಸ್ಥರೆಂದು ಘೋಷಿಸಿತು.

ಹೆಣ್ಣು, ಎಳೆಯ ವಯಸ್ಸು, ಕೇಳದ ಕಿವಿ. ಈ ಮೂರನ್ನು ಬಿಡಿಬಿಡಿಯಾಗಿ ನೋಡಿದರೆ ಆ ಮಗುವಿನ ಪಾಡು ಅರ್ಥವಾಗುವುದಿಲ್ಲ. ಅಮೆರಿಕದ ಕಾನೂನು ವಿದ್ವಾಂಸೆ ಕಿಂಬರ್ಲೆ ಕ್ರೆನ್ಶಾ 1989ರಲ್ಲಿ ಹೇಳಿದ್ದು ಇದನ್ನೇ. ಅವರು ಎತ್ತಿಕೊಂಡ ಉದಾಹರಣೆ ಜನರಲ್ ಮೋಟಾರ್ಸ್ ವಿರುದ್ಧ ಕಪ್ಪು ಮಹಿಳೆಯರು ಹೂಡಿದ್ದ ದಾವೆ. ಕಂಪನಿಯಲ್ಲಿ ಹೆಂಗಸರಿಗೂ ಕೆಲಸವಿತ್ತು, ಕಪ್ಪು ಜನರಿಗೂ ಇತ್ತು. ಆದರೆ ಆ ಹೆಂಗಸರು ಬಿಳಿಯರು, ಆ ಕಪ್ಪು ಜನ ಗಂಡಸರು. ಎರಡೂ ಆಗಿದ್ದವರ ದೂರು ಕೋರ್ಟಿನ ಲೆಕ್ಕಕ್ಕೆ ಸಿಗಲಿಲ್ಲ.

ನಮ್ಮ ಬಳ್ಳಾರಿಯ ಗಡಿಯಾಚೆಗಿನ ಕರ್ನೂಲು ಜಿಲ್ಲೆಯ ಒಂದು ಪ್ರಕರಣ ಇದೇ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿಗೆ ಒಯ್ದಿತು. 2011ರ ಮಾರ್ಚ್ 31. ಅಪ್ಪ ಕೂಲಿಗೆ ಹೋಗಿದ್ದರು, ಅಣ್ಣಂದಿರೂ ಮನೆಯಲ್ಲಿರಲಿಲ್ಲ. ಹುಟ್ಟಿನಿಂದಲೇ ದೃಷ್ಟಿಯಿಲ್ಲದ, ಪರಿಶಿಷ್ಟ ಜಾತಿಯ ಯುವತಿ ಒಳಗಿದ್ದಳು. ಅಣ್ಣಂದಿರ ಪರಿಚಯದವನೊಬ್ಬ ಒಳಹೊಕ್ಕು ಚಿಲಕ ಹಾಕಿಕೊಂಡ. ಕೂಗು ಕೇಳಿ ತಾಯಿ ಬಾಗಿಲು ಬಡಿದರು, ನೆರೆಯವರು ಸೇರಿದರು. ಕಾಣದವಳು ಗುರುತು ಹಿಡಿದದ್ದು ಹೇಗೆ? ಮನೆಗೆ ಬಂದುಹೋಗುತ್ತಿದ್ದವನ ದನಿ ಅವಳಿಗೆ ಚೆನ್ನಾಗಿ ಗೊತ್ತಿತ್ತು.

2021ರ ಏಪ್ರಿಲ್ 27ರಂದು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ಎಂ.ಆರ್. ಶಾ ಅವರ ಪೀಠ ಆ ಸಾಕ್ಷ್ಯವನ್ನು ಒಪ್ಪಿತು. ಅಂಗವೈಕಲ್ಯವಿದೆ ಎಂಬ ಕಾರಣಕ್ಕೆ ಯಾರ ಮಾತೂ ಹಗುರವಾಗುವುದಿಲ್ಲ ಎಂದಿತು, ಅತ್ಯಾಚಾರಕ್ಕೆ ವಿಧಿಸಿದ್ದ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಆದರೆ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಡಿಯ ಶಿಕ್ಷೆ ಉಳಿಯಲಿಲ್ಲ. ಜಾತಿಯ ಕಾರಣಕ್ಕೇ ಕೃತ್ಯ ನಡೆಯಿತೆಂದು ಸಾಬೀತುಪಡಿಸಬೇಕೆಂಬುದು ಕೃತ್ಯ ನಡೆದ ಹೊತ್ತಿನ ನಿಯಮವಾಗಿತ್ತು. ಹೆಣ್ಣೆಂದೋ, ಕುರುಡಿಯೆಂದೋ, ದಲಿತಳೆಂದೋ ಎಂದು ಒಂದೇ ಗಾಯವನ್ನು ಸೀಳಿ ತೋರಿಸುವುದು ಯಾರಿಂದ ಸಾಧ್ಯ? ಈ ಕಷ್ಟವನ್ನು ಪೀಠವೂ ಗುರುತಿಸಿತು. 2016ರ ಜನವರಿ 26ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಸಂತ್ರಸ್ತೆಯ ಜಾತಿ ಆರೋಪಿಗೆ ಗೊತ್ತಿತ್ತೆಂದು ತೋರಿಸಿದರೆ ಸಾಕು.

ಕೋರ್ಟಿಗೂ ಮೊದಲು ಬರುವುದು ಠಾಣೆ. ಅಂಗವೈಕಲ್ಯವುಳ್ಳ ಮಹಿಳೆ ಅತ್ಯಾಚಾರದ ದೂರು ಕೊಡುವುದಾದರೆ ಪೊಲೀಸರು ಆಕೆಯ ಮನೆಗೋ ಆಕೆ ಬಯಸಿದ ಜಾಗಕ್ಕೋ ಹೋಗಿ ಬರೆದುಕೊಳ್ಳಬೇಕು. ಸಂಜ್ಞಾಭಾಷೆ ಬಲ್ಲವರು ಅಥವಾ ವಿಶೇಷ ಶಿಕ್ಷಕರು ಜೊತೆಗಿರಬೇಕು, ವಿಡಿಯೊ ಚಿತ್ರೀಕರಣವೂ ಆಗಬೇಕು. 2013ರಿಂದಲೇ ಇದು ಕಾನೂನು. ಠಾಣೆಯ ಮೆಟ್ಟಿಲು ಹತ್ತಲಾಗದವರ ಮನೆಯವರು ಇದನ್ನು ಹಕ್ಕಿನಿಂದ ಕೇಳಬಹುದು.

ಕರ್ನೂಲಿನ ತೀರ್ಪು ಇನ್ನೊಂದು ಕೆಲಸವನ್ನೂ ಸೂಚಿಸಿತು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಮಹಿಳೆಯರ ಮೇಲಿನ ಹಿಂಸೆಯ ಅಂಕಿಅಂಶ ಕೊಡುವಾಗ ಅಂಗವೈಕಲ್ಯವನ್ನೂ ಪ್ರತ್ಯೇಕವಾಗಿ ಲೆಕ್ಕ ಹಾಕುವುದನ್ನು ಗಂಭೀರವಾಗಿ ಪರಿಗಣಿಸಬೇಕು ಎಂದಿತು. ಅಯನಾವರಂನ ಆ ಮಗುವಿನಂಥವರು ದೇಶದಲ್ಲಿ ಎಷ್ಟು ಮಂದಿ ಎಂದು ಎಣಿಸಲು ಮೊದಲು ಪಟ್ಟಿಯಲ್ಲಿ ಅವರಿಗೊಂದು ಸಾಲು ಬೇಕು.