ಸಭೆಯಿಲ್ಲದ ಸನ್ಮಾನ

ಹಿಂದೆ ನಮ್ಮವರು ಮಡಿದ ವೀರನಿಗೆ ಕಲ್ಲು ನಿಲ್ಲಿಸುತ್ತಿದ್ದರು. ಕೆಳಹಂತದಲ್ಲಿ ಕಾಳಗ, ನಡುವೆ ಅಪ್ಸರೆಯರೊಡನೆ ಸ್ವರ್ಗಾರೋಹಣ, ಮೇಲೆ ಶಿವಸನ್ನಿಧಿ. ದಾರಿಹೋಕನೊಬ್ಬ ಅರೆಗಳಿಗೆ ನಿಂತರೂ ಸ್ಮರಣೆ ಸಲ್ಲುತ್ತಿತ್ತು.

2020ರಲ್ಲಿ ಕೊರೋನಾದಿಂದ ಸಭೆಗಳು ನಿಂತಾಗ, ನವನಗರದ ಮನೆಯಲ್ಲಿ ಕುಳಿತ ನನಗೆ ಐಹೊಳೆಯ ವೀರಗಲ್ಲುಗಳು ನೆನಪಾದವು. 1949ರಿಂದ ಡಿಸೆಂಬರ್ 7ರಂದು ಆಚರಿಸುತ್ತಿರುವ ಸಶಸ್ತ್ರ ಪಡೆಗಳ ಧ್ವಜ ದಿನಕ್ಕೂ ವೇದಿಕೆ ಬೇಕಿಲ್ಲ. ನಾವು ಕೊಡುವ ಕಾಣಿಕೆ ಯೋಧರ ಕುಟುಂಬಗಳಿಗೂ ಮಾಜಿ ಸೈನಿಕರ ಪುನರ್ವಸತಿಗೂ ವಿನಿಯೋಗವಾಗುತ್ತದೆ.

ಆದರೆ ಬದುಕಿ ಮರಳಿದವರಿಗೆ ಹಣಕ್ಕಿಂತಲೂ ಬೇಕಾದುದು ಕೇಳುವ ಕಿವಿ. ನಮ್ಮ ಓಣಿಯ ಹಿರಿಯ ಸೈನಿಕರಿಗೆ ಪಿಂಚಣಿಯ ಜೀವಿತ ಪ್ರಮಾಣಪತ್ರ ಸಲ್ಲಿಸಲು ನೆರವಾಗೋಣ. ದೂರವಾಣಿಯಲ್ಲಾದರೂ ಅವರ ಅನುಭವಗಳನ್ನು ಕೇಳಿ, ಸೇವೆಯ ಸ್ಥಳ, ವರ್ಷಗಳೊಡನೆ ಬರೆದು ಮನೆಯವರ ಕೈಗೆ ಕೊಡೋಣ. ಬದುಕಿರುವಾಗಲೇ ನಿಲ್ಲಿಸಬಹುದಾದ ವೀರಗಲ್ಲು ಅದು.